ಟೋಪಿಯೊಳಗಿನ ಕೈ

ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗರಾದ ನಮಗೆ ಮಹಾಲಕ್ಷ್ಮಿ ಎಂದೊಡನೆ ಮೊದಲು ನೆನಪಾಗುವುದು ದೇವಸ್ಥಾನ. ಅನಂತರ ಕುದುರೆ ಪಂದ್ಯದ ಮೈದಾನ. ಲೋಕಲ್ ಗಾಡಿಯ ಕಿಟಕಿಯಿಂದ ಆ ಹಸಿರನ್ನು ದಿನವೂ ಕಾಣುವವರು ಬಹಳ, ಅಲ್ಲಿನ ವ್ಯವಹಾರದ ಒಳಲೆಕ್ಕ ಬಲ್ಲವರು ಕಡಿಮೆ. ರೇಸಿನ ಹುಚ್ಚು ಹತ್ತಿದವರ ಮನೆಯ ಹೆಂಗಸರಿಗೆ ಮಾತ್ರ ಆ ಲೆಕ್ಕದ ಕೊನೆಯ ಸಾಲು ಚೆನ್ನಾಗಿ ಗೊತ್ತು. ಪಂದ್ಯದ ನೀತಿ ಅನೀತಿಗಳನ್ನು ಕುರಿತು ಉಪದೇಶ ಮಾಡಲು ನಾವಿಲ್ಲಿ ಹೊರಟಿಲ್ಲ. 'ಹ್ಯಾಂಡಿಕ್ಯಾಪ್' ಎಂಬ ಒಂದೇ ಮಾತಿನ ಚರಿತ್ರೆಯನ್ನು ಹಿಡಿದು ಹೊರಟರೆ ಪಣದ ಹಣ ಕೊನೆಗೆ ಯಾರ ಕೈ ಸೇರುತ್ತದೆಂಬುದು ತಾನಾಗಿ ತಿಳಿದುಬರುತ್ತದೆ.

ಈ ಮಾತು ಹುಟ್ಟಿದ್ದು ಕುದುರೆಯ ಲಾಯದಲ್ಲಲ್ಲ, ಇಂಗ್ಲೆಂಡಿನ ಹೆಂಡದಂಗಡಿಗಳಲ್ಲಿ. ಲಂಡನ್ನಿನ ಪ್ರಸಿದ್ಧ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1660ರಲ್ಲಿ ಈ ಆಟವನ್ನು ತಾನು ಹೊಸದಾಗಿ ಕಂಡುದಾಗಿ ಬರೆದಿಟ್ಟಿದ್ದಾನೆ. ಆಟ ಹೀಗೆ: ಇಬ್ಬರು ತಮ್ಮ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳಬಯಸುತ್ತಾರೆ, ಒಬ್ಬನದು ಗಡಿಯಾರ, ಇನ್ನೊಬ್ಬನದು ಕೋಟು ಎನ್ನೋಣ. ಮೂರನೆಯವನೊಬ್ಬ ಮಧ್ಯಸ್ಥನಾಗಿ, ಕೋಟಿನವನು ಕೋಟಿನ ಜೊತೆಗೆ ಎಷ್ಟು ಹೆಚ್ಚಿಗೆ ಕೊಟ್ಟರೆ ಸರಿಹೋದೀತೆಂದು ಬೆಲೆ ಕಟ್ಟುತ್ತಾನೆ. ಎಲ್ಲರೂ ಟೋಪಿಯೊಂದರಲ್ಲಿ ಸ್ವಲ್ಪ ಹಣ ಹಾಕಿರುತ್ತಾರೆ. ಇಬ್ಬರೂ ಟೋಪಿಯೊಳಗೆ ಕೈಯಿಟ್ಟು ಒಟ್ಟಿಗೆ ಹೊರತೆಗೆಯಬೇಕು. ಕೈಯಲ್ಲಿ ಕಾಸಿದ್ದರೆ ಒಪ್ಪಿಗೆ, ಬರಿಗೈಯಾದರೆ ಇಲ್ಲ. ಒಬ್ಬ ಒಪ್ಪಿ ಇನ್ನೊಬ್ಬ ಒಪ್ಪದಿದ್ದರೆ ಟೋಪಿಯ ಹಣ ಒಪ್ಪಿದವನಿಗೆ. ಇಬ್ಬರೂ ಒಪ್ಪಿದರೂ ಸರಿ, ಇಬ್ಬರೂ ಒಪ್ಪದಿದ್ದರೂ ಸರಿ, ಹಣ ಮಧ್ಯಸ್ಥನಿಗೆ! ತಕ್ಕಡಿಯ ಎರಡು ತಟ್ಟೆಗಳನ್ನೂ ಸಮಕ್ಕೆ ತಂದಷ್ಟೂ ಅವನಿಗೆ ಲಾಭ. ನಮ್ಮಲ್ಲಿ 'ಟೋಪಿ ಹಾಕುವುದು' ಎಂಬ ಮಾತಿಗೂ ಈ ಟೋಪಿಗೂ ಯಾವ ಸಂಬಂಧವೂ ಇಲ್ಲ. ಆದರೂ ಓದುಗರು ಈ ಮಧ್ಯಸ್ಥನನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಅವನು ವೇಷ ಬದಲಿಸಿ ಮತ್ತೆ ಬರುತ್ತಾನೆ.

ಕಾಲಕ್ರಮದಲ್ಲಿ ಈ ಪದ ಕುದುರೆಯ ಬೆನ್ನೇರಿತು. ಬಲವಾದ ಕುದುರೆಯೂ ದುರ್ಬಲ ಕುದುರೆಯೂ ಒಟ್ಟಿಗೆ ಓಡಿದರೆ ಫಲಿತಾಂಶ ಮೊದಲೇ ಗೊತ್ತು. ಅಂಥ ಪಂದ್ಯಕ್ಕೆ ಪಣ ಕಟ್ಟುವವರು ಯಾರು? ಆದ್ದರಿಂದ ಬಲಶಾಲಿಗೆ ಹೆಚ್ಚು ಭಾರ ಹೊರಿಸುವ ಪದ್ಧತಿ ಬಂತು. 1855ರಲ್ಲಿ ಇಂಗ್ಲೆಂಡಿನ ಜಾಕಿ ಕ್ಲಬ್ಬು ಅಡ್ಮಿರಲ್ ಹೆನ್ರಿ ರೂಸ್ ಎಂಬ ನೌಕಾಧಿಕಾರಿಯನ್ನು ಸಾರ್ವಜನಿಕ ಹ್ಯಾಂಡಿಕ್ಯಾಪರನನ್ನಾಗಿ ನೇಮಿಸಿತು. ಕುದುರೆಯ ವಯಸ್ಸಿಗೂ ತಿಂಗಳಿಗೂ ದೂರಕ್ಕೂ ತಕ್ಕಂತೆ ಎಷ್ಟು ಭಾರವೆಂಬ ಪಟ್ಟಿಯನ್ನು ಕ್ರಮಗೊಳಿಸಿದವನು ಅವನೇ. ಜಗತ್ತಿನ ರೇಸ್ ಕ್ಲಬ್ಬುಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಪಟ್ಟಿಗಳು ಅದರ ಮಕ್ಕಳು ಮೊಮ್ಮಕ್ಕಳು.

ನಮ್ಮ ದೇಶದಲ್ಲಿ ಪ್ರತಿ ಕುದುರೆಗೂ ಒಂದು ಅಂಕ ಕೊಡುತ್ತಾರೆ. ಸಾಮಾನ್ಯವಾಗಿ ಒಂದು ಅಂಕಕ್ಕೆ ಅರ್ಧ ಕಿಲೋ. 60 ಅಂಕದ ಕುದುರೆಯೂ 40 ಅಂಕದ ಕುದುರೆಯೂ ಒಂದೇ ಪಂದ್ಯದಲ್ಲಿ ಓಡಿದರೆ ಮೊದಲನೆಯದು ಹತ್ತು ಕಿಲೋ ಹೆಚ್ಚು ಹೊರಬೇಕು. ಜಾಕಿಯ ತೂಕ ಸಾಲದಿದ್ದರೆ ಜೀನಿನ ಬಟ್ಟೆಯ ಚೀಲಗಳಲ್ಲಿ ಸೀಸದ ಹಲಗೆಗಳನ್ನಿಡುತ್ತಾರೆ. ಓಟಕ್ಕೆ ಮೊದಲೂ ತರುವಾಯವೂ ತೂಕ ನೋಡುತ್ತಾರೆ. ಒಂದು ಮೈಲಿಯ ಓಟದಲ್ಲಿ ಒಂದು ಕುದುರೆಯುದ್ದದ ಅಂತರಕ್ಕೆ ಸುಮಾರು ಒಂದು ಕಿಲೋ ಎಂಬುದು ಹಳೆಯ ಲೆಕ್ಕ. ಐದು ಉದ್ದ ಮುಂದೆ ಬಂದು ಗೆದ್ದ ಕುದುರೆ ಮುಂದಿನ ಬಾರಿ ಐದಾರು ಕಿಲೋ ಹೆಚ್ಚು ಹೊತ್ತು ಬರುತ್ತದೆ. ಗೆದ್ದದ್ದಕ್ಕೆ ಶಿಕ್ಷೆ, ಸೋತದ್ದಕ್ಕೆ ರಿಯಾಯಿತಿ! ಇದರಿಂದಲೇ ಬೇಕೆಂದು ಸೋಲಿಸಿ ಅಂಕ ಇಳಿಸಿಕೊಳ್ಳುವ ಕುಯುಕ್ತಿಯೂ ಹುಟ್ಟಿತು. ಅದನ್ನು ಹಿಡಿಯಲು ಸ್ಟೂವರ್ಡರ ವಿಚಾರಣೆ ಎಂಬ ನ್ಯಾಯಾಲಯವೂ ಹುಟ್ಟಿತು. ಎಲ್ಲ ಪಂದ್ಯಗಳೂ ಹೀಗಲ್ಲ. 1943ರಲ್ಲಿ ಮಹಾಲಕ್ಷ್ಮಿಯಲ್ಲಿ ಆರಂಭವಾದ ಇಂಡಿಯನ್ ಡರ್ಬಿಯಲ್ಲಿ ಹೆಣ್ಣು ಕುದುರೆಗೆ ಸಣ್ಣ ರಿಯಾಯಿತಿಯೊಂದನ್ನು ಬಿಟ್ಟರೆ ಎಲ್ಲಕ್ಕೂ ಒಂದೇ ಭಾರ. ಅಲ್ಲಿ ನಿಜವಾದ ಬಲದ ಪರೀಕ್ಷೆ. ಮೊದಲ ವರ್ಷ ಗೆದ್ದದ್ದು ಬರೋಡಾ ಮಹಾರಾಜರ ಹೆಣ್ಣು ಕುದುರೆ ಪ್ರಿನ್ಸೆಸ್ ಬ್ಯೂಟಿಫುಲ್. ಆದರೆ ಮುಂಬಯಿ, ಪುಣೆ, ಬೆಂಗಳೂರು, ಮೈಸೂರುಗಳ ದೈನಂದಿನ ಪಂದ್ಯಗಳಲ್ಲಿ ಹೆಚ್ಚಿನವು ಹ್ಯಾಂಡಿಕ್ಯಾಪುಗಳೇ.

1883ರಲ್ಲಿ ಮಹಾಲಕ್ಷ್ಮಿಯ ಮೈದಾನವಾಗುವುದಕ್ಕೆ ಮುಂಚೆ ಮುಂಬಯಿಯ ಪಂದ್ಯಗಳು ಬೈಕಲಾದಲ್ಲಿ ನಡೆಯುತ್ತಿದ್ದವು. ಇತ್ತ ನಮ್ಮ ನಾಡಿನಲ್ಲಿ ಟಿಪ್ಪುವಿನ ರಾವುತ ಪಡೆಗೆ ಕುದುರೆ ಒದಗಿಸಿದ ಕುಣಿಗಲ್ಲಿನ ಸಾಕಣೆ ಕೇಂದ್ರವು ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ಯುದ್ಧದ ಕುದುರೆ ಜೂಜಿನ ಕುದುರೆಯಾದ ಕಥೆ ಬೇರೆಯೇ ಒಂದು ಲೇಖನಕ್ಕೆ ವಸ್ತು.

ಈಗ ಪಣ ಕಟ್ಟುವವನ ಪಾಡನ್ನು ನೋಡೋಣ. 'ಈ ಕುದುರೆ ಹೋದ ವಾರ ಚೆನ್ನಾಗಿ ಓಡಿತು, ಆದ್ದರಿಂದ ಇದರ ಮೇಲೆ ಕಟ್ಟುತ್ತೇನೆ' ಎನ್ನುವವನು ಒಂದು ಸಂಗತಿಯನ್ನು ಮರೆಯುತ್ತಾನೆ. ಅದು ಚೆನ್ನಾಗಿ ಓಡಿದ್ದನ್ನು ಹ್ಯಾಂಡಿಕ್ಯಾಪರನೂ ನೋಡಿದ್ದಾನೆ. ನೋಡಿ, ಸೀಸವನ್ನಾಗಿ ಅದರ ಬೆನ್ನಿಗೇ ಕಟ್ಟಿದ್ದಾನೆ. ಅವನ ಆದರ್ಶವೆಂದರೆ ಎಲ್ಲ ಕುದುರೆಗಳೂ ಒಂದೇ ಕ್ಷಣಕ್ಕೆ ಗುರಿ ಮುಟ್ಟುವುದು.

ಆ ಆದರ್ಶ ಪೂರ್ಣವಾಗಿ ಸಿದ್ಧಿಸಿತೆಂದು ಭಾವಿಸಿ. ಮೂರು ಕುದುರೆಗಳ ಓಟ. ಮೂರಕ್ಕೂ ಸಮಾನ ಅವಕಾಶ. ನ್ಯಾಯವಾದ ದರ ಒಂದಕ್ಕೆ ಎರಡು. ಎಂದರೆ ನೂರು ರೂಪಾಯಿ ಕಟ್ಟಿದವನಿಗೆ ಗೆದ್ದರೆ ಅಸಲೂ ಸೇರಿ 300 ಬರಬೇಕು. ಬುಕ್ಕಿ 260 ಕೊಡುತ್ತೇನೆನ್ನುತ್ತಾನೆ. ಮೂವರು ಮೂರು ಕುದುರೆಗಳ ಮೇಲೆ ತಲಾ ನೂರು ಕಟ್ಟಿದರೆ ಅವನ ಕೈಗೆ 300 ಬಂತು. ಯಾವ ಕುದುರೆ ಗೆದ್ದರೂ ಅವನು ಕೊಡುವುದು 260. ಉಳಿದ ನಲವತ್ತು ರೂಪಾಯಿಗೆ ಕುದುರೆಯ ಹೆಸರೂ ಬೇಡ, ಜಾಕಿಯ ಹೆಸರೂ ಬೇಡ. ಟೋಪಿಯ ಮಧ್ಯಸ್ಥ ಮರಳಿ ಬಂದಿದ್ದಾನಷ್ಟೆ! ಇದೇ ದರದಲ್ಲಿ ಬಂದ ಹಣವನ್ನೆಲ್ಲ ಮತ್ತೆ ಮತ್ತೆ ಕಟ್ಟುತ್ತ ಹೋದರೆ ಹತ್ತು ಪಂದ್ಯಗಳಾದ ಮೇಲೆ ನೂರು ರೂಪಾಯಿಯಲ್ಲಿ ಸರಾಸರಿ ಉಳಿಯುವುದು ಇಪ್ಪತ್ನಾಲ್ಕು. ಟೋಟ್ ಯಂತ್ರದ್ದೂ ಇದೇ ಜಾತಿಯ ಲೆಕ್ಕ. ಪ್ಯಾರಿಸಿನ ಜೋಸೆಫ್ ಓಲೆ 1860ರ ದಶಕದಲ್ಲಿ ಆರಂಭಿಸಿದ ಈ ಪದ್ಧತಿಯಲ್ಲಿ ಎಲ್ಲರ ಪಣವನ್ನೂ ಒಂದೆಡೆ ಕೂಡಿಸಿ, ಕ್ಲಬ್ಬಿನ ಪಾಲು, ಸರಕಾರದ ತೆರಿಗೆ ಕಳೆದು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ನೀವು ಅಲ್ಲಿ ಸ್ಪರ್ಧಿಸುವುದು ಕ್ಲಬ್ಬಿನೊಡನೆಯಲ್ಲ, ಪಕ್ಕದಲ್ಲಿ ನಿಂತವನೊಡನೆ. ಅವನೂ ಅದೇ ರೇಸ್ ಪುಸ್ತಕವನ್ನು ಓದಿ ಬಂದವನು.

ಸೋತಾಗಲೆಲ್ಲ ಪಣವನ್ನು ಇಮ್ಮಡಿಸುವ ಹಳೆಯ ಉಪಾಯ ಅನೇಕರಿಗೆ ಗೊತ್ತು. ಹತ್ತು ರೂಪಾಯಿಯಿಂದ ಆರಂಭಿಸಿ ಏಳು ಬಾರಿ ಸೋತರೆ ಹೋದದ್ದು 1270. ಎಂಟನೆಯ ಬಾರಿ 1280 ಕಟ್ಟಬೇಕು. ಕಟ್ಟಿದಷ್ಟೇ ಲಾಭ ಸಿಗುವ ಪಂದ್ಯವಾದರೆ, ಗೆದ್ದು ಕೊನೆಗೆ ಉಳಿಯುವ ಲಾಭ ಹತ್ತೇ ರೂಪಾಯಿ! ತಿಂಗಳ ಸಂಬಳದವನ ಜೇಬು ಎಂಟನೆಯ ಬಾರಿಯವರೆಗೆ ಬಾಳುವುದಿಲ್ಲವೆಂಬುದೇ ಈ ಉಪಾಯದ ದೋಷ. ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ ಕೆಲ್ಲಿ 1956ರಲ್ಲಿ ಕೈಯಲ್ಲಿರುವ ಹಣದ ಎಷ್ಟು ಭಾಗವನ್ನು ಕಟ್ಟಬೇಕೆಂಬುದಕ್ಕೆ ಗಣಿತದ ಸೂತ್ರವೊಂದನ್ನು ಕೊಟ್ಟ. ದರ ನಿಮ್ಮ ಪರವಾಗಿಲ್ಲದಿದ್ದರೆ ಆ ಸೂತ್ರ ಕೊಡುವ ಉತ್ತರ ಸೊನ್ನೆ. ಜೂಜಿನ ಪುಸ್ತಕಗಳಲ್ಲಿ ನಾವು ಕಂಡ ಪ್ರಾಮಾಣಿಕ ಸೂತ್ರ ಇದೊಂದೇ.

ಫುಟ್‌ಬಾಲಿಗೂ ಈಗ ಹ್ಯಾಂಡಿಕ್ಯಾಪು ಬಂದಿದೆ. ಬಲವಾದ ತಂಡದಿಂದ ಒಂದೂವರೆ ಗೋಲು ಕಳೆಯುತ್ತಾರೆ. ಅದರ ಮೇಲೆ ಕಟ್ಟಿದವನಿಗೆ ಹಣ ಬರಬೇಕಾದರೆ ತಂಡ ಎರಡು ಗೋಲುಗಳ ಅಂತರದಿಂದ ಗೆಲ್ಲಬೇಕು. ಅರ್ಧ ಗೋಲನ್ನು ಯಾರೂ ಹೊಡೆಯಲಾರರು. ಸಮಬಲವಾಗಿ ಹಣ ಹಿಂದಿರುಗಿಸುವ ಪ್ರಸಂಗ ಬರಬಾರದೆಂದು ಆ ಅರ್ಧ. ಕುದುರೆಯ ಸೀಸ ಕುದುರೆಯನ್ನು ನಿಜವಾಗಿ ನಿಧಾನಗೊಳಿಸುತ್ತದೆ. ಈ ಒಂದೂವರೆ ಗೋಲು ಆಟಗಾರನ ಕಾಲಿಗೆ ತಗಲುವುದೇ ಇಲ್ಲ, ಬುಕ್ಕಿಯ ಕಾಗದದ ಮೇಲಷ್ಟೇ ಇರುತ್ತದೆ. ಅಪಾಯವಿರುವುದೂ ಇಲ್ಲಿಯೇ. ಪಂದ್ಯವನ್ನು ಸೋಲದೆಯೂ, ಒಂದೇ ಗೋಲಿನಿಂದ ಗೆದ್ದು, ಹೊರಗಿನವನಿಗೆ ಹಣ ಮಾಡಿಕೊಡಬಹುದಲ್ಲ!

ಕಾನೂನಿನ ಕಥೆ ಇನ್ನೂ ಸ್ವಾರಸ್ಯ. ಮಹಾರಾಷ್ಟ್ರದಲ್ಲಿ ಗೋದಾವರಿಯ ನೆರೆಯಲ್ಲಿ ಗಂಗಾಪುರವೆಂಬ ಎರಡು ಊರುಗಳಿವೆ (ನಮ್ಮ ಕಲಬುರಗಿಯ ದತ್ತಕ್ಷೇತ್ರ ಗಾಣಗಾಪುರ ಬೇರೆ). ಒಂದು ನಾಸಿಕದ ಬಳಿ, ಅಣೆಕಟ್ಟಿರುವುದು. ಇನ್ನೊಂದು ಔರಂಗಾಬಾದಿನ, ಎಂದರೆ ಇಂದಿನ ಛತ್ರಪತಿ ಸಂಭಾಜಿನಗರದ, ತಾಲ್ಲೂಕು. ಮೊದಲನೆಯದು ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಅಲ್ಲಿ 1887ರ ಮುಂಬಯಿ ಜೂಜು ಪ್ರತಿಬಂಧಕ ಕಾನೂನು; ಎರಡನೆಯದು ನಿಜಾಮನ ಸೀಮೆ, ಅಲ್ಲಿ ಫಸಲಿ 1305ರ ಹೈದರಾಬಾದು ಕಾನೂನು. ಒಂದೇ ನದಿ, ಒಂದೇ ಹೆಸರು, ಜೂಜಾಡಿದವನಿಗೆ ಎರಡು ದಂಡಸಂಹಿತೆ! ಧಾರವಾಡದವರೂ ಕಲಬುರಗಿಯವರೂ ಹೀಗೆಯೇ ಎರಡು ಸರಕಾರಗಳ ಪ್ರಜೆಗಳಾಗಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಮಳೆ ಬೀಳುವುದೋ ಇಲ್ಲವೋ ಎಂದು ಪಣ ಕಟ್ಟುವ ಮುಂಬಯಿಯ ಚಟವನ್ನು ತಡೆಯಲು 1890ರಲ್ಲಿ ಆ ಪ್ರಾಂತದ ಕಾನೂನನ್ನು ತಿದ್ದಬೇಕಾಯಿತು. ಮೈದಾನದ ಆವರಣದೊಳಗೆ ಕುದುರೆಯ ಮೇಲೆ ಕಟ್ಟುವುದಕ್ಕೆ ಮಾತ್ರ ವಿನಾಯಿತಿ ದೊರೆಯಿತು. ದೊಡ್ಡವರ ಜೂಜು ಕ್ರೀಡೆ, ಬಡವರ ಜೂಜು ಅಪರಾಧ ಎಂದು ಯಾರಾದರೂ ಆಡಿಕೊಂಡರೆ ನಾವು ಅಲ್ಲಗಳೆಯಲಾರೆವು.

ಸಂವಿಧಾನವೂ ಜೂಜನ್ನು ರಾಜ್ಯಗಳ ಪಟ್ಟಿಗೇ ಸೇರಿಸಿತು. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ಪತ್ರಿಕೆ ಪದಬಂಧದ ಸ್ಪರ್ಧೆ ನಡೆಸಿ ಮುಂಬಯಿ ರಾಜ್ಯದಲ್ಲಿಯೂ ಪ್ರವೇಶಧನ ಸಂಗ್ರಹಿಸುತ್ತಿತ್ತು. ಮುಂಬಯಿ ಸರಕಾರ ತೆರಿಗೆ ಕೇಳಿದ್ದರಿಂದ ಎದ್ದ ವ್ಯಾಜ್ಯವೇ ಚಮಾರಬಾಗವಾಲಾ ಮೊಕದ್ದಮೆ. 1957ರಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರು ಋಗ್ವೇದ, ಮಹಾಭಾರತಗಳನ್ನೂ ಸ್ಮರಿಸಿ, ಜೂಜು ವ್ಯಾಪಾರವಲ್ಲ, ಅದಕ್ಕೆ ಮೂಲಭೂತ ಹಕ್ಕಿನ ರಕ್ಷಣೆಯಿಲ್ಲ ಎಂದರು. ಕೌಶಲವೇ ಪ್ರಧಾನವಾದ ಸ್ಪರ್ಧೆಯನ್ನು ಮಾತ್ರ ಬೇರೆಯಾಗಿ ನೋಡಿದರು. ಆ ಕೌಶಲವೆಂಬ ಬಾಗಿಲಿನಿಂದ 1996ರಲ್ಲಿ ಕುದುರೆ ಒಳಗೆ ಬಂತು. ಮದರಾಸು ರೇಸ್ ಕ್ಲಬ್ಬಿನ ಕುರಿತಾದ ಲಕ್ಷ್ಮಣನ್ ಮೊಕದ್ದಮೆಯಲ್ಲಿ, ಕುದುರೆ ಪಂದ್ಯ ಕೌಶಲದ ಆಟವೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ತೀರ್ಪಿಗೆ ತಲೆಬಾಗುತ್ತೇವೆ. ಕುದುರೆಯ ವೇಗ, ತರಬೇತಿ, ಜಾಕಿಯ ಕೈಚಳಕ ಇವೆಲ್ಲ ಕೌಶಲವೇ. ಆದರೆ ಅಷ್ಟೂ ಕೌಶಲವನ್ನು ಅಳೆದು, ಸೀಸ ತುಂಬಿ ಸಮ ಮಾಡಿದ ಮೇಲೆ, ಗ್ಯಾಲರಿಯಲ್ಲಿ ಕುಳಿತವನ ಪಾಲಿಗೆ ಉಳಿದದ್ದೆಷ್ಟು?

ರೇಸಿಗೆ ಹೋಗಲು ಪುರಸೊತ್ತಿಲ್ಲದ ಗಿರಣಿ, ಹೋಟೆಲು, ಕ್ಯಾಂಟೀನುಗಳ ದುಡಿಮೆಗಾರರಿಗೆ ಮುಂಬಯಿ ಬೇರೆ ದಾರಿ ತೋರಿಸಿತ್ತು. ನ್ಯೂಯಾರ್ಕಿನ ಹತ್ತಿ ಪೇಟೆಯ ದರದ ಅಂಕಿಗಳ ಮೇಲೆ ಕಟ್ಟುವ ಆಟ 1960ರ ದಶಕದ ಆರಂಭದಲ್ಲಿ ನಿಂತುಹೋದಾಗ, ಕಲ್ಯಾಣಜೀ ಭಗತ್, ರತನ್ ಖತ್ರಿ ಎಂಬವರು ಚೀಟಿ ಎತ್ತುವ ಮಟ್ಕಾವನ್ನು ಬೆಳೆಸಿದರು. 'ಓಪನ್', 'ಕ್ಲೋಸ್' ಎಂಬ ಅದರ ಮಾತುಗಳೇ ಊರು ಸೇರಿ 'ಓಸಿ'ಯಾದವು.

ಈಗ ಮಟ್ಕೆಯೂ ಬೇಡ, ಮೈದಾನವೂ ಬೇಡ, ಕೈಯಲ್ಲಿನ ಫೋನೇ ಸಾಕೆಂಬ ಕಾಲ ಬಂತು. 2023ರ ಅಕ್ಟೋಬರಿನಿಂದ ಪಣದ ಪೂರ್ಣ ಮೊತ್ತದ ಮೇಲೆ ಶೇಕಡಾ 28 ಜಿಎಸ್‌ಟಿ ಹಾಕಿದ್ದು 2025ರ ಸೆಪ್ಟೆಂಬರಿನಲ್ಲಿ ಶೇಕಡಾ 40ಕ್ಕೆ ಏರಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದವೆಣಿಸದೆ ಹಣ ಕಟ್ಟಿ ಆಡುವ ಜಾಲದಾಟಗಳನ್ನೆಲ್ಲ ನಿಷೇಧಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅತ್ತ ಮಹಾಲಕ್ಷ್ಮಿಯ ಮೈದಾನದ 99 ವರ್ಷಗಳ ಗುತ್ತಿಗೆ 2013ರಲ್ಲಿಯೇ ಮುಗಿದಿತ್ತು. 2024ರಲ್ಲಿ ಅದರ ಸುಮಾರು 120 ಎಕರೆ ಸಾರ್ವಜನಿಕ ಉದ್ಯಾನಕ್ಕೆಂದು ನಗರಪಾಲಿಕೆಯ ಕಡೆಗೆ ಹೋಯಿತು. ಉಳಿದ ಭಾಗದಲ್ಲಿ ರೇಸ್ ಪುಸ್ತಕ ಮೊದಲಿನಂತೆಯೇ ಅಚ್ಚಾಗುತ್ತಿದೆ. ಹ್ಯಾಂಡಿಕ್ಯಾಪ್ ಪಂದ್ಯದ ಪುಟ ತೆರೆದರೆ ಮೊದಲ ಸಂಖ್ಯೆ ಅತಿ ಹೆಚ್ಚು ಭಾರ ಹೊತ್ತ ಕುದುರೆಯದು, ಕೊನೆಯದು ಅತಿ ಹಗುರವಾದದ್ದು. ಬುಕ್ಕಿಯ ನಲವತ್ತು ರೂಪಾಯಿಗೆ ಆ ಪಟ್ಟಿಯಲ್ಲಿ ಸಂಖ್ಯೆಯೇ ಇಲ್ಲ.