ಸಂತಾನನಿರೋಧದ ಗುಳಿಗೆಯೂ ಸ್ತ್ರೀಶರೀರವೂ

ನಮ್ಮ ಆರೋಗ್ಯಕೇಂದ್ರಗಳಲ್ಲಿ ಕೊಡುವ ಮಾಲಾ-ಎನ್ ಗುಳಿಗೆಯ ಪಟ್ಟಿಯೊಂದನ್ನು ಕೈಗೆತ್ತಿಕೊಂಡು ನೋಡಿದರೆ ಅದರಲ್ಲಿ 28 ಗುಳಿಗೆಗಳಿರುತ್ತವೆ; 21 ಹಾರ್ಮೋನಿನವು, ಉಳಿದ 7 ಕಬ್ಬಿಣಾಂಶದವು. ಹಾರ್ಮೋನಿನ ಒಂದೊಂದು ಗುಳಿಗೆಯಲ್ಲಿ ಈಸ್ಟ್ರೋಜನ್ 0.03 ಮಿಲಿಗ್ರಾಂ, ಪ್ರೊಜೆಸ್ಟಿನ್ 0.15 ಮಿಲಿಗ್ರಾಂ. 1960ರಲ್ಲಿ ಅಮೆರಿಕದ ಸರ್ಕಾರವು ಸಂತಾನನಿರೋಧಕ್ಕೆಂದು ಅನುಮತಿಯಿತ್ತ ಎನೋವಿಡ್ ಗುಳಿಗೆಯಲ್ಲಾದರೋ ಇವು 0.15 ಮತ್ತು 9.85 ಮಿಲಿಗ್ರಾಂ ಇದ್ದುವು. ಅಲ್ಲಿಂದ ಇಲ್ಲಿಗೆ ಇಳಿದುಬಂದ ದಾರಿಯೇ ಈ ಶಾಸ್ತ್ರದ ಚರಿತ್ರೆ. ಆ ದಾರಿಯನ್ನು ಮೊದಲು ತೋರಿದವರು, ತಮ್ಮ ದೇಹದಲ್ಲಿ ಆದುದನ್ನು ಬಾಯಿಬಿಟ್ಟು ಹೇಳಿದ ಹೆಂಗಸರು.

1956ರಲ್ಲಿ ಪೋರ್ಟೊ ರಿಕೊ ದ್ವೀಪದಲ್ಲಿ ಸಂಶೋಧಕರಾದ ಗ್ರೆಗರಿ ಪಿಂಕಸ್ ಮತ್ತು ಜಾನ್ ರಾಕ್ ಅವರ ಗುಳಿಗೆಯ ಪ್ರಯೋಗ ನಡೆದಾಗ, ಅಲ್ಲಿನ ವೈದ್ಯೆ ಎಡ್ರಿಸ್ ರೈಸ್-ರೇ, ಗರ್ಭವೇನೋ ನಿಲ್ಲುವುದಿಲ್ಲ, ಆದರೆ ನೂರಕ್ಕೆ 17 ಮಂದಿಗೆ ವಾಕರಿಕೆ, ತಲೆಸುತ್ತು, ತಲೆನೋವುಗಳು ಬರುತ್ತಿವೆಯೆಂದು ವರದಿಮಾಡಿದರು. ಪಿಂಕಸ್ ಅದನ್ನು ಮನಸ್ಸಿನ ಕಲ್ಪನೆಯೆಂದು ತಳ್ಳಿಹಾಕಿದುದು ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ಖೇದಕರವಾದ ಘಟನೆ.

1961ರಲ್ಲಿ ಇಂಗ್ಲೆಂಡಿನ ಜೋರ್ಡನ್ ಎಂಬ ವೈದ್ಯನು, ಈ ಗುಳಿಗೆಯನ್ನು ಬೇರೊಂದು ವ್ಯಾಧಿಗಾಗಿ ಸೇವಿಸುತ್ತಿದ್ದ ನರ್ಸ್ ಒಬ್ಬಳ ಶ್ವಾಸಕೋಶದ ರಕ್ತನಾಳಗಳಲ್ಲಿ ಹೆಪ್ಪು ಸಿಕ್ಕಿಕೊಂಡುದನ್ನು ಕಂಡು, 'ಲ್ಯಾನ್ಸೆಟ್' ಪತ್ರಿಕೆಗೆ ಬರೆದನು. ಅದು ಕಾಕತಾಳೀಯವಲ್ಲವೆಂದು ಸ್ಥಾಪಿತವಾಗುವುದಕ್ಕೆ 1968ರವರೆಗೆ, ಇನ್‌ಮನ್, ವೆಸ್ಸಿ, ಡಾಲ್ ಎಂಬ ಸಂಶೋಧಕರ ಲೆಕ್ಕಾಚಾರದವರೆಗೆ ಕಾಯಬೇಕಾಯಿತು. ನುಂಗಿದ ಈಸ್ಟ್ರೋಜನ್ ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗಿ, ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೆಚ್ಚಿಸಿ, ಅದನ್ನು ತಡೆಯುವವುಗಳನ್ನು ತಗ್ಗಿಸುತ್ತದೆ. ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. 1970ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ, ಗುಳಿಗೆ ನುಂಗುವವರನ್ನು ಯಾರೂ ಕೇಳುತ್ತಿಲ್ಲವೇಕೆಂದು ಸಭಿಕರ ನಡುವಿನಿಂದ ಹೆಂಗಸರೇ ಎದ್ದುನಿಂತು ಪ್ರಶ್ನಿಸಿದ ಮೇಲೆ, ಪ್ರತಿಯೊಂದು ಪೊಟ್ಟಣದೊಳಗೂ ಎಚ್ಚರಿಕೆಯ ಚೀಟಿ ಸೇರಿತು.

ದೀರ್ಘಕಾಲದ ಪರಿಣಾಮವನ್ನು ಅರಿಯುವುದಕ್ಕೆ ದೀರ್ಘಕಾಲದ ತಾಳ್ಮೆಯೇ ಬೇಕು. ಬ್ರಿಟನ್ನಿನ ಸಾಮಾನ್ಯ ವೈದ್ಯರು 1968ರಿಂದ ಸುಮಾರು 46,000 ಸ್ತ್ರೀಯರ ಲೆಕ್ಕವನ್ನು ದಶಕಗಟ್ಟಲೆ ಇಟ್ಟರು. ಗುಳಿಗೆ ಸೇವಿಸಿದವರಲ್ಲಿ ಒಟ್ಟು ಮರಣ ಹೆಚ್ಚಲಿಲ್ಲವೆಂದು 2010ರ ವರದಿ ತಿಳಿಸಿತು. 54 ಅಧ್ಯಯನಗಳನ್ನು ಕೂಡಿಸಿ ನೋಡಿದ 1996ರ ವಿಶ್ಲೇಷಣೆಯಲ್ಲಿ, ಸೇವಿಸುವ ಕಾಲದಲ್ಲಿ ಸ್ತನದ ಕ್ಯಾನ್ಸರು ತುಸು ಏರುವುದೂ, ಬಿಟ್ಟು ಹತ್ತು ವರ್ಷಗಳಲ್ಲಿ ಆ ಏರಿಕೆ ಅಳಿಯುವುದೂ ಕಂಡಿತು. ಗರ್ಭಕೊರಳಿನ ಕ್ಯಾನ್ಸರಿನದೂ ಬಹುಮಟ್ಟಿಗೆ ಇದೇ ಕಥೆ. ಅಂಡಾಶಯದ ಕ್ಯಾನ್ಸರಾದರೋ ಐದೈದು ವರ್ಷಗಳ ಸೇವನೆಗೆ ನೂರಕ್ಕೆ ಸುಮಾರು 20ರಂತೆ ತಗ್ಗುತ್ತದೆ. ಈ ರಕ್ಷಣೆ ಗುಳಿಗೆ ಬಿಟ್ಟು ದಶಕಗಳ ಮೇಲೂ ಉಳಿಯುತ್ತದೆ. ಒಂದೇ ವಸ್ತು ಒಂದು ಅಂಗಕ್ಕೆ ಹಗೆಯೂ ಇನ್ನೊಂದಕ್ಕೆ ಕಾವಲೂ ಆಗುವುದನ್ನು ಕಂಡು ನನಗೆ ಇಂದಿಗೂ ವಿಸ್ಮಯ.

ಸಂತಾನನಿರೋಧಕ್ಕೆಂದೇ ಮೂರು ತಿಂಗಳಿಗೊಮ್ಮೆ ಚುಚ್ಚುವ ಮದ್ದಿನ ಮಾತು ಬೇರೆ. ನಮ್ಮ ದೇಶದಲ್ಲಿ 2017ರಿಂದ 'ಅಂತರಾ' ಎಂಬ ಹೆಸರಿನಲ್ಲಿ ದೊರೆಯುತ್ತಿರುವ ಅದು ಮೂಳೆಯ ಸಾಂದ್ರತೆಯನ್ನು ಕುಗ್ಗಿಸುತ್ತದೆ; ನಿಲ್ಲಿಸಿದರೆ ಬಹುಪಾಲು ಮರಳಿ ಬರುತ್ತದೆ.

ಮತ್ತೆ ಗುಳಿಗೆಯ ಮಾತಿಗೆ ಬಂದರೆ, ಇಂದಿನ ಕಡಿಮೆ ಪ್ರಮಾಣದ ಗುಳಿಗೆಯಲ್ಲೂ ಹೆಪ್ಪಿನ ಅಪಾಯ ಪೂರ್ತಿ ಹೋಗಿಲ್ಲ. ವರ್ಷಕ್ಕೆ 10,000 ಸ್ತ್ರೀಯರಲ್ಲಿ ಸಹಜವಾಗಿ ಇಬ್ಬರಿಗೆ ಬರುವುದು, ಮಾಲಾ-ಎನ್ ಬಗೆಯ ಗುಳಿಗೆ ಸೇವಿಸುವವರಲ್ಲಿ ಐದರಿಂದ ಏಳು ಮಂದಿಗೆ ಬರುತ್ತದೆ. ಗರ್ಭಿಣಿಯರಲ್ಲಿ, ಬಾಣಂತಿಯರಲ್ಲಿ ಅದಕ್ಕಿಂತಲೂ ಹೆಚ್ಚು. ಆದುದರಿಂದಲೇ ಪಟ್ಟಿಯನ್ನು ಕೈಗಿಡುವ ಮುನ್ನ ರಕ್ತದೊತ್ತಡ ನೋಡಬೇಕು. ಕಣ್ಣೆದುರು ಮಿಂಚು ಕಾಣಿಸಿ ತಲೆನೋವು ಬರುವುದುಂಟೇ, ಹಿಂದೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತೇ ಎಂದು ಕೇಳಬೇಕು, ಉತ್ತರವನ್ನು ಕೊನೆಯವರೆಗೂ ಕೇಳಿಸಿಕೊಳ್ಳಬೇಕು.