ಕಲ್ಯಾಣ ಕ್ಯಾಂಪಿನಿಂದ ಪರೇಲಿಗೆ: ಡಾಕ್ಟರುಗಳು ಕಲಿತ ಹೊಸ ಪಾಠ

ಡೊಂಬಿವಲಿ, ಕಲ್ಯಾಣದ ನಮಗೆ ಉಲ್ಲಾಸನಗರವೆಂದರೆ ಬಟ್ಟೆ, ಫರ್ನಿಚರ್ ಮಾರ್ಕೆಟ್ ನೆನಪಾಗುತ್ತದೆ. ವೈದ್ಯರ ಜ್ಞಾನಕ್ಕೂ ಆ ಊರಿಗೂ ನಂಟಿದೆ.

ದೇಶ ವಿಭಜನೆಯಾದಾಗ ಸಿಂಧ್‌ನಿಂದ ಬಂದ ಸುಮಾರು ಒಂದು ಲಕ್ಷ ನಿರಾಶ್ರಿತರು ಕಲ್ಯಾಣದ ಬಳಿಯ ಮಿಲಿಟರಿ ಕ್ಯಾಂಪಿನಲ್ಲಿ ನೆಲೆಸಿದರು. 1949ರಲ್ಲಿ ಅದಕ್ಕೆ ಉಲ್ಲಾಸನಗರವೆಂದು ಹೆಸರಾಯಿತು. ಸಿಂಧಿ ಸಮುದಾಯದಲ್ಲಿ ಬೀಟಾ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ವಾಹಕರು ಹೆಚ್ಚು. ಹಾಗೆಂದು ಅದು ಅವರದಷ್ಟೇ ಅಲ್ಲ, ನಮ್ಮಲ್ಲೂ ಇದೆ. ವಾಹಕರು ಆರೋಗ್ಯವಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಾತ್ರ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಅಂಥ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. "ಹೆತ್ತವಳ ದೋಷ" ಎನ್ನುವ ಮಾತಿಗೆ ಈ ಲೆಕ್ಕವೇ ಉತ್ತರ.

1952ರಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ 'ಬಾಂಬೆ ರಕ್ತಗುಂಪ'ನ್ನು ಗುರುತಿಸಿದರು. 1957ರಲ್ಲಿ ಇಲ್ಲಿ ರಕ್ತಗುಂಪು ಅಧ್ಯಯನ ಕೇಂದ್ರವೊಂದು ಆರಂಭವಾಯಿತು. ಅದೇ ಇಂದು ಪರೇಲಿನ ಕೆ.ಇ.ಎಂ. ಆವರಣದಲ್ಲಿರುವ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ. ಮಗು ಗರ್ಭದಲ್ಲಿರುವಾಗಲೇ ಥಲಸ್ಸೀಮಿಯಾ ಪತ್ತೆಹಚ್ಚುವ ಕೆಲಸ ಅಲ್ಲಿ ನಡೆದುಬಂದಿದೆ.

ಆದರೆ ಗರ್ಭಿಣಿ ಮೊದಲು ಹೋಗುವುದು ಪರೇಲಿಗಲ್ಲ, ಮನೆಯ ಹತ್ತಿರದ ಡಾಕ್ಟರರ ಬಳಿಗೆ. ವಾಹಕಳ ಕೆಂಪು ರಕ್ತಕಣಗಳು ಸಣ್ಣಗಿರುತ್ತವೆ. ಕಬ್ಬಿಣಾಂಶದ ಕೊರತೆಯಲ್ಲೂ ಹಾಗೆಯೇ. ವ್ಯತ್ಯಾಸ ಗಮನಿಸದಿದ್ದರೆ ಕಬ್ಬಿಣದ ಮಾತ್ರೆ ಬರೆದು ಕಳಿಸುವುದಾಗುತ್ತದೆ. ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸಿದರೆ ವಿಷಯ ತಿಳಿಯುತ್ತದೆ. ಆದ್ದರಿಂದ ಯಂತ್ರಗಳಷ್ಟೇ ಮುಖ್ಯವಾದದ್ದು ವೈದ್ಯರ ತರಬೇತಿ.

ಆ ತರಬೇತಿಗೆ ದಾರಿ ಹಾಕಿದವರಲ್ಲಿ ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಡಾ. ಎಸ್.ಎಸ್. ಅಗರ್ವಾಲ್ ಪ್ರಮುಖರು. ದೇಶದಲ್ಲಿ ಮೆಡಿಕಲ್ ಜೆನೆಟಿಕ್ಸ್‌ನ ಡಿ.ಎಂ. ಪದವಿ ಮೊದಲು ಆರಂಭವಾದದ್ದು ಆ ಸಂಸ್ಥೆಯಲ್ಲಿ. ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯನ್ನು ಅಧ್ಯಯನ ಮಾಡಿದವರೂ ಅವರೇ. ಗದ್ದೆಯ ಏಡಿ, ಕೀಟನಾಶಕಗಳ ಮೇಲೆ ಮೊದಲು ಅನುಮಾನವಿದ್ದ ಆ ಕೀಲುನೋವು ವಂಶಪಾರಂಪರ್ಯದ್ದೆಂದು ಕುಟುಂಬಗಳ ಅಧ್ಯಯನದಿಂದ ತಿಳಿಯಿತು.

2019ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 'ಉಮ್ಮೀದ್' ಯೋಜನೆಯನ್ನು ಆರಂಭಿಸಿತು. ಸರ್ಕಾರಿ ಆಸ್ಪತ್ರೆಗಳ ವೈದ್ಯರಿಗೆ ಅನುವಂಶಿಕ ಕಾಯಿಲೆಗಳ ತರಬೇತಿ ಕೊಡುವುದು ಅದರ ಒಂದು ಭಾಗ. ನವಿಮುಂಬಯಿಯ ಖಾರ್ಘರ್‌ನಲ್ಲಿರುವ ಟಾಟಾ ಸಂಸ್ಥೆಯ ಎಕ್ಟ್ರೆಕ್‌ನಲ್ಲಿ ಕುಟುಂಬದೊಳಗೆ ಮರುಕಳಿಸುವ ಸ್ತನ ಕ್ಯಾನ್ಸರಿನ ವಂಶವಾಹಿಗಳ ಸಂಶೋಧನೆ ನಡೆಯುತ್ತಿದೆ.

ವೈದ್ಯರು ಕಲಿಯುತ್ತಿದ್ದಾರೆ. ಅವರು ಕೇಳುವ ಮೊದಲ ಪ್ರಶ್ನೆಗೆ ಮಾತ್ರ ಉತ್ತರ ನಮ್ಮ ಬಳಿಯೇ ಇರಬೇಕು. ಅಜ್ಜಿ, ಚಿಕ್ಕಮ್ಮ, ಸೋದರತ್ತೆಯರಿಗೆ ಯಾವ ಕಾಯಿಲೆ, ಯಾವ ವಯಸ್ಸಿನಲ್ಲಿ ಬಂತು ಎಂಬುದನ್ನು ನಮ್ಮ ಮಹಿಳಾ ವಿಭಾಗದ ಸದಸ್ಯೆಯರೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕೆಂದು ನನ್ನ ವಿನಂತಿ. ಮದುವೆಗೆ ಜಾತಕ ನೋಡುವ ಮನೆಗಳಲ್ಲಿ ಒಂದು ರಕ್ತಪರೀಕ್ಷೆಯೂ ಆಗಲಿ.