ಮನೆ ಸಾಲ: ಜಾಗದ ಬೆಲೆ ನೋಡಬೇಕೋ, ಕೈಗೆ ಬರುವ ದುಡ್ಡು ನೋಡಬೇಕೋ?

ಸಂಪಾಜೆ ಘಾಟಿಯ ಬುಡದಲ್ಲಿರುವ ನಮ್ಮ ಕಲ್ಲುಗುಂಡಿಯಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿ ಎರಡು ಬಗೆಯ ಹೊಸ ಮನೆಗಳು ಕಾಣುತ್ತವೆ. ಒಂದು, ಬಣ್ಣ ಬಳಿದು, ಒಕ್ಕಲು ಆಗಿ, ಅಂಗಳದಲ್ಲಿ ಅಡಿಕೆ ಹರಡಿದ್ದು. ಇನ್ನೊಂದು, ಸ್ಲ್ಯಾಬ್ ಆಗಿದೆ, ಸಾರಣೆ ಆಗಿಲ್ಲ, ಕಿಟಕಿಗೆ ಪ್ಲಾಸ್ಟಿಕ್ ಹಾಳೆ. ಈ ಎರಡನೆಯದರಲ್ಲಿ ಮೇಸ್ತ್ರಿಯ ಲೆಕ್ಕ ತಪ್ಪುವುದು ಅಪರೂಪ. ಹೆಚ್ಚಾಗಿ ತಪ್ಪುವುದು ಸಾಲದ ಲೆಕ್ಕ.

ಬ್ಯಾಂಕಿಗೆ ಹೋದಾಗ ನಾವು ಮೊದಲು ಕೇಳುವುದು, "ಇಷ್ಟು ಜಾಗಕ್ಕೆ ಎಷ್ಟು ಸಾಲ ಸಿಗ್ತದೆ?" ಮನೆಯಲ್ಲೇ ಕೂತು ಕೇಳಿಕೊಳ್ಳಬೇಕಾದ್ದು, "ಅಡಿಕೆ ಕೈಕೊಟ್ಟ ವರ್ಷ ಎಷ್ಟು ಕಂತು ಕಟ್ಲಿಕ್ಕೆ ಆಗ್ತದೆ?" ಮೊದಲನೆಯದು ಜಾಗದ ಬೆಲೆಯ ಪ್ರಶ್ನೆ, ಎರಡನೆಯದು ಆದಾಯದ ಪ್ರಶ್ನೆ. ಇವೆರಡರ ಜಗಳಕ್ಕೆ ಸುಳ್ಯ ಸೀಮೆಯಲ್ಲಿ ಸುಮಾರು ಇನ್ನೂರು ವರ್ಷದ ಚರಿತ್ರೆ ಉಂಟು.

ಭತ್ತ ಹೋಗಿ ನಗದು ಬಂತು

1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಕೊಡಗಿನ ಅರಸ ಚಿಕ್ಕವೀರರಾಜನನ್ನು ಪಟ್ಟದಿಂದ ಇಳಿಸಿತು. ಅದುವರೆಗೆ ಕೊಡಗಿನ ಆಳ್ವಿಕೆಯಲ್ಲಿದ್ದ ಅಮರ ಸುಳ್ಯದ ಸೀಮೆ ಕೆನರಾ ಜಿಲ್ಲೆಗೆ ಸೇರಿತು. ಅರಸರ ಕಾಲದಲ್ಲಿ ಇಲ್ಲಿನ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. ಕಂಪೆನಿ ನಗದೇ ಬೇಕು ಎಂದಿತು.

ಕೇಳಲು ಸಣ್ಣ ಬದಲಾವಣೆ. ಅದರ ಒಳಗೆ ದೊಡ್ಡ ಹೊರೆ ಇತ್ತು. ಕೊಯ್ಲಿನ ಹೊತ್ತಿಗೆ ಎಲ್ಲರೂ ಒಟ್ಟಿಗೆ ಭತ್ತ ಮಾರಲು ಹೊರಟರೆ ದರ ಬೀಳುತ್ತದೆ. ದರ ಬಿದ್ದರೂ ಕಂದಾಯದ ಮೊತ್ತ ಇಳಿಯುವುದಿಲ್ಲ. ಕಡಿಮೆ ಬಿದ್ದದ್ದಕ್ಕೆ ಸಾಹುಕಾರನ ಹತ್ತಿರ ಸಾಲ. ಬೆಳೆ ಏರಿಳಿಯುತ್ತದೆ, ಕಟ್ಟಬೇಕಾದ ಹಣ ಏರಿಳಿಯುವುದಿಲ್ಲ: ಇವತ್ತಿನ ಕಂತಿನ ಕಷ್ಟವೂ ಇದೇ.

1837ರಲ್ಲಿ ಇಲ್ಲಿನ ರೈತರು ಎದ್ದು ನಿಂತರು. ಉಬರಡ್ಕ ಮಿತ್ತೂರಿನ ಕೆದಂಬಾಡಿ ರಾಮಯ್ಯ ಗೌಡರಂಥವರು ಮುಂದೆ ನಿಂತ ಆ ದಂಡು ಏಪ್ರಿಲ್ 5ರಂದು ಮಂಗಳೂರು ತಲುಪಿ ಬಾವುಟಗುಡ್ಡೆಯಲ್ಲಿ ಕಂಪೆನಿಯ ಬಾವುಟ ಇಳಿಸಿತು. ದಂಗೆಗೆ ಕಾರಣ ಹಲವು. ಉಪ್ಪು, ಹೊಗೆಸೊಪ್ಪಿನ ಮೇಲೆ ಸರಕಾರದ ಏಕಸ್ವಾಮ್ಯ ಇತ್ತು, ಅರಸೊತ್ತಿಗೆ ಹೋದ ಸಿಟ್ಟು ಇತ್ತು. ನಗದು ಕಂದಾಯವೂ ಅದರಲ್ಲೊಂದು. ಕೆಲವೇ ದಿನಗಳಲ್ಲಿ ದಂಗೆ ಅಡಗಿತು, ನಗದಿನ ಪದ್ಧತಿ ಉಳಿಯಿತು.

ಸಾಹುಕಾರನ ಲೆಕ್ಕ

ನಗದು ಬೇಕಾದಾಗ ರೈತನ ಕೈಯಲ್ಲಿದ್ದ ಒಂದೇ ಈಡು ಭೂಮಿ. ಭೋಗ್ಯಕ್ಕೆ ಕೊಟ್ಟರೆ ಸಾಲ ಕೊಟ್ಟವನೇ ಜಾಗ ವಹಿಸಿಕೊಂಡು ಬಡ್ಡಿಯ ಬದಲು ಬೆಳೆ ತಿನ್ನುತ್ತಾನೆ. ಬರೇ ಅಡವು ಬರೆದುಕೊಟ್ಟರೆ ಜಾಗ ರೈತನ ಕೈಯಲ್ಲೇ ಇರುತ್ತದೆ, ಬಡ್ಡಿ ಬೆಳೆಯುತ್ತಾ ಹೋಗುತ್ತದೆ.

ಸಾಹುಕಾರ ನೋಡುತ್ತಿದ್ದದ್ದು ಭೂಮಿಯ ಬೆಲೆಯನ್ನು. ರೈತ ತೀರಿಸಿದರೆ ಬಡ್ಡಿಯ ಲಾಭ, ತೀರಿಸದಿದ್ದರೆ ಗದ್ದೆಯೇ ಲಾಭ. ಹಾಗಿರುವಾಗ "ನಿನಗೆ ಇಷ್ಟು ಸಾಲ ಹೊರಲಿಕ್ಕೆ ಆಗ್ತದಾ?" ಎಂದು ಅವನು ಯಾಕೆ ಕೇಳಬೇಕು? ಹೆಚ್ಚು ಸಾಲ ಕೊಡುವವನೇ ಹೆಚ್ಚು ಒಳ್ಳೆಯವನು ಎಂದು ನಂಬಿದವರ ಜಾಗ ಹೋಯಿತು.

ನೆರೆಯವರ ಲೆಕ್ಕ

ಈ ಸಾಲದ ಬಲೆಗೆ ಮದ್ದು ಹುಡುಕಲು ಮದ್ರಾಸ್ ಸರಕಾರ 1892ರಲ್ಲಿ ಫ್ರೆಡರಿಕ್ ನಿಕೋಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತು. ಆತ ಯುರೋಪಿನ ಗ್ರಾಮೀಣ ಬ್ಯಾಂಕುಗಳನ್ನು ಅಭ್ಯಾಸ ಮಾಡಿ ಬಂದು, ಜರ್ಮನಿಯ ರೈಫೈಸನ್ ಮಾದರಿಯ ಊರಿನ ಸಂಘಗಳು ಬೇಕು ಎಂದು ವರದಿ ಕೊಟ್ಟ. 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂತು. ಮರುವರ್ಷವೇ ಗದಗದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ಕಡೆ ಪುತ್ತೂರಿನ ವಕೀಲ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಂಘ ಶುರು ಮಾಡಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಹುಟ್ಟಿತು.

ಸಹಕಾರ ಸಂಘದ ದೊಡ್ಡ ಗುಣ ಬಡ್ಡಿ ಕಡಿಮೆ ಇದ್ದದ್ದು ಮಾತ್ರ ಅಲ್ಲ. ಸಾಲ ಕೊಡುವವರು ಊರಿನವರೇ. ಯಾರ ತೋಟಕ್ಕೆ ಎಷ್ಟು ನೀರು, ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಮದುವೆಯ ಸಾಲ ಇದೆ ಎಂದು ಅವರಿಗೆ ಗೊತ್ತು. ಸಾಲ ಮುಳುಗಿದರೆ ಸಂಘದ ಎಲ್ಲರಿಗೂ ನಷ್ಟ. ಹಾಗಾಗಿ "ಇವನಿಗೆ ಎಷ್ಟು ಕಟ್ಲಿಕ್ಕೆ ಆಗ್ತದೆ" ಎಂಬ ಪ್ರಶ್ನೆ ಇಲ್ಲಿ ಮುಂದೆ ಬಂತು.

ಆದರೆ ಸಂಘದ ಸಾಲ ಹೆಚ್ಚಾಗಿ ಒಂದು ಬೆಳೆಯ ಮಟ್ಟಿನದ್ದು. ಹಳೆಯ ಸಾಲ ತೀರಿಸಲು, ತೋಟ ಎಬ್ಬಿಸಲು ಹಲವು ವರ್ಷದ ಸಾಲ ಬೇಕಿತ್ತು. 1929ರಲ್ಲಿ ಮದ್ರಾಸಿನಲ್ಲಿ, ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ, ಕೇಂದ್ರ ಭೂ ಅಡಮಾನ ಬ್ಯಾಂಕುಗಳು ಹುಟ್ಟಿದವು. ನಾವು ಪಿಎಲ್‌ಡಿ ಬ್ಯಾಂಕ್ ಎಂದು ಕರೆಯುವ ಬ್ಯಾಂಕುಗಳ ಮೂಲ ಇದೇ ವ್ಯವಸ್ಥೆ.

ಅಷ್ಟರಲ್ಲಿ ಜಗತ್ತಿನಲ್ಲೇ ಬೆಳೆಗಳ ದರ ಕುಸಿಯಿತು. ರಾಜಾಜಿ ಸರಕಾರ 1938ರಲ್ಲಿ ಮದ್ರಾಸ್ ಕೃಷಿಕರ ಪರಿಹಾರ ಕಾನೂನು ತಂದಿತು. ಅದರಲ್ಲಿ ಹಳೆಯ ದಾಮದುಪ್ಪಟ್ಟಿನ ತತ್ವ ಇತ್ತು: ಕೃಷಿಕ ಅಸಲಿನ ಎರಡರಷ್ಟು ಕಟ್ಟಿದ್ದರೆ ಹಳೆಯ ಸಾಲ ಅಲ್ಲಿಗೆ ಮುಗಿಯಿತು.

ಹಕ್ಕುಪತ್ರ ಬಂದ ಮೇಲೆ ಮನೆ

ಇಷ್ಟೆಲ್ಲ ಆದರೂ ದಕ್ಷಿಣ ಕನ್ನಡದ ಹೆಚ್ಚಿನ ಉಳುಮೆಗಾರರಿಗೆ ಅಡವಿಡಲು ಸ್ವಂತ ಜಾಗ ಇರಲಿಲ್ಲ. ಚಾಲಗೇಣಿಯ ಒಕ್ಕಲನ್ನು ಧಣಿ ಬೇಕೆಂದಾಗ ಎಬ್ಬಿಸಬಹುದಿತ್ತು. ನಾಳೆ ಬಿಟ್ಟು ಹೋಗಬೇಕಾದ ಜಾಗದಲ್ಲಿ ಗಟ್ಟಿ ಮನೆ ಯಾರು ಕಟ್ಟುತ್ತಾರೆ? ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲೇ ಹಂಚಿನ ಕಾರ್ಖಾನೆ ತೆರೆದಿದ್ದರು. ಆ ಮೇಲೆ ನೂರು ವರ್ಷ ಕಳೆದರೂ ಒಕ್ಕಲುಗಳ ಎಷ್ಟೋ ಮನೆಗಳ ಮಾಡು ಮುಳಿಹುಲ್ಲಿನದ್ದೇ.

1974ರ ಮಾರ್ಚ್ 1ರಂದು ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ನಮ್ಮ ಹಿರಿಯರು "ಡಿಕ್ಲರೇಶನ್ ಕೊಟ್ಟದ್ದು" ಎಂದು ಹೇಳುವುದು ಅದನ್ನೇ. ಗೇಣಿ ಹೋಯಿತು, ಉಳುವವನಿಗೆ ಹಕ್ಕು ಬಂತು. ಹಾಗೆ ಬಂದ ಜಾಗವನ್ನು ನಿಗದಿತ ವರ್ಷಗಳವರೆಗೆ ಮಾರುವಂತಿರಲಿಲ್ಲ, ಆದರೆ ಬ್ಯಾಂಕಿಗೋ ಸಹಕಾರ ಸಂಘಕ್ಕೋ ಅಡವಿಟ್ಟು ಸಾಲ ಎತ್ತಬಹುದಿತ್ತು. ಮೊದಲ ಬಾರಿಗೆ ಒಕ್ಕಲಿನ ಹೆಸರಿಗೆ ಬ್ಯಾಂಕಿನ ಬಾಗಿಲು ತೆರೆಯಿತು. ಹಂಚಿನ ಮನೆ, ಆಮೇಲೆ ತಾರಸಿ ಮನೆ ಬಂದದ್ದರ ಹಿಂದೆ ಈ ಕಾಗದದ ಬಲವೂ ಉಂಟು.

ಇಲ್ಲಿ ಒಂದು ಎಚ್ಚರ. ವರ್ಗ ಜಾಗದ ಸುತ್ತಲಿನ ಕುಮ್ಕಿಯಲ್ಲಿ ನಮಗೆ ಸೊಪ್ಪು, ಸೌದೆಯ ಹಕ್ಕು ಉಂಟು, ಆದರೆ ಅದು ಸರಕಾರಿ ಜಾಗ. ಕುಮ್ಕಿಯಲ್ಲಿ ಕಟ್ಟಿದ ಮನೆಯನ್ನು ಬ್ಯಾಂಕ್ ಅಡವಿಗೆ ಹಿಡಿಯುವುದಿಲ್ಲ. ಪಂಚಾಂಗ ಹಾಕುವ ಮೊದಲೇ ಸರ್ವೆ ನಂಬ್ರ ನೋಡಬೇಕು.

ಸಂಬಳದವರ ಲೆಕ್ಕ ನಮ್ಮ ತೋಟಕ್ಕೆ

1977ರಲ್ಲಿ ಮುಂಬಯಿಯಲ್ಲಿ ಹಸ್ಮುಖ್ ಪಾರೇಖ್ ಅವರು ಎಚ್‌ಡಿಎಫ್‌ಸಿ ಕಟ್ಟಿದರು. ಮನೆ ಸಾಲಕ್ಕೆಂದೇ ಹುಟ್ಟಿದ ಸಂಸ್ಥೆ ಅದು. ದುಡಿಯುವ ವಯಸ್ಸಿನಲ್ಲೇ ಸಾಲ ಪಡೆದು ಮನೆ ಮಾಡಿ, ತಿಂಗಳ ಕಂತಿನಲ್ಲಿ ತೀರಿಸುವ ಕ್ರಮ ಮಧ್ಯಮ ವರ್ಗಕ್ಕೆ ರೂಢಿಯಾಯಿತು. ಸಂಬಳದ ಚೀಟಿ ನೋಡಿ, ಅದರ ಒಂದು ಪಾಲನ್ನು ಕಂತಿಗೆ ಇಟ್ಟು, ಅಲ್ಲಿಂದ ಸಾಲದ ಮೊತ್ತ ಕಂಡುಹಿಡಿಯುವುದು ಈ ಲೆಕ್ಕ. ಒಳ್ಳೆಯ ಲೆಕ್ಕವೇ. ಆದರೆ ಇದು ತಿಂಗಳು ತಿಂಗಳು ಒಂದೇ ಹಣ ಬರುವವರಿಗೆ ಹೊಂದುವಂಥದ್ದು. ಅಡಿಕೆಗೆ ಒಂದನೇ ತಾರೀಕು ಎಂಬುದಿಲ್ಲ.

ಕಂತಿನ ಲೆಕ್ಕ ನೆನಪಿಡಲು ಸುಲಭ. ಬಡ್ಡಿ ಶೇ. 9, ಅವಧಿ 20 ವರ್ಷ ಆದರೆ ಪ್ರತಿ ಒಂದು ಲಕ್ಷಕ್ಕೆ ತಿಂಗಳಿಗೆ ಸುಮಾರು 900 ರೂಪಾಯಿ. 10 ಲಕ್ಷಕ್ಕೆ 9,000. ಇಪ್ಪತ್ತು ವರ್ಷದಲ್ಲಿ ಕಟ್ಟುವುದು ಒಟ್ಟು ಸುಮಾರು 21.6 ಲಕ್ಷ. ಹದಿನೆಂಟೂವರೆ ವರ್ಷಕ್ಕೇ ಅಸಲಿನ ಎರಡರಷ್ಟು ದಾಟಿರುತ್ತದೆ. 1938ರ ದಾಮದುಪ್ಪಟ್ಟು ಇಲ್ಲಿ ನಡೆಯುವುದಿಲ್ಲ. ಅದೇ ಸಾಲವನ್ನು 15 ವರ್ಷಕ್ಕೆ ಮಾಡಿದರೆ ಕಂತು ಸುಮಾರು 10,150, ಒಟ್ಟು ಸುಮಾರು 18.3 ಲಕ್ಷ. ತಿಂಗಳಿಗೆ ಸಾವಿರದ ಚಿಲ್ಲರೆ ಹೆಚ್ಚು ಕಟ್ಟಿದರೆ ಕೊನೆಗೆ ಮೂರು ಲಕ್ಷಕ್ಕಿಂತ ಹೆಚ್ಚು ಉಳಿಯುತ್ತದೆ.

ಬಡ್ಡಿಯೂ ನಿಂತ ನೀರಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ, ಬಡ್ಡಿ ಬದಲಾಗುವ ಹೊಸ ಮನೆ ಸಾಲಗಳನ್ನು ರೆಪೊದಂಥ ಹೊರಗಿನ ದರಕ್ಕೆ ಕಟ್ಟಲಾಗಿದೆ. ರಿಸರ್ವ್ ಬ್ಯಾಂಕಿನ ರೆಪೊ ದರ 2022ರ ಮೇ ತಿಂಗಳ ಆರಂಭದಲ್ಲಿ ಶೇ. 4 ಇತ್ತು. 2023ರ ಫೆಬ್ರವರಿಗೆ ಶೇ. 6.5 ಆಯಿತು. ಶೇ. 7ರಲ್ಲಿ 20 ವರ್ಷಕ್ಕೆ 10 ಲಕ್ಷ ತೆಗೆದವರ ಕಂತು ಸುಮಾರು 7,750. ಬಡ್ಡಿ ಶೇ. 9.5ಕ್ಕೆ ಏರಿದರೆ ಆ ಕಂತು ತಿಂಗಳ ಬಡ್ಡಿಗೂ ಸಾಕಾಗುವುದಿಲ್ಲ. ಹಾಗಾಗಿ ಸಾಲ ತೆಗೆಯುವಾಗಲೇ ಎರಡು ಶೇಕಡಾ ಏರಿದರೆ ಕಂತು ಎಷ್ಟಾಗುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು.

ಕಲ್ಲುಗುಂಡಿಯ ಲೆಕ್ಕ

ಒಂದು ಕುಟುಂಬದ ಉದಾಹರಣೆ ಹಿಡಿಯೋಣ. ಒಳ್ಳೆಯ ವರ್ಷದಲ್ಲಿ 10 ಕ್ವಿಂಟಾಲ್ ಚಾಲಿ ಅಡಿಕೆ, ಕಿಲೋಗೆ 400 ರೂಪಾಯಿ. ಆದಾಯ 4 ಲಕ್ಷ. ಮದ್ದು ಬಿಡುವುದು, ಕೊಯ್ಯುವುದು, ಸುಲಿಯುವುದು, ಗೊಬ್ಬರ ಎಲ್ಲ ಸೇರಿ ಖರ್ಚು 1.6 ಲಕ್ಷ. ಉಳಿಯುವುದು 2.4 ಲಕ್ಷ. ಮಗನಿಗೆ ಸುಳ್ಯದಲ್ಲಿ 15,000 ಸಂಬಳ, ವರ್ಷಕ್ಕೆ 1.8 ಲಕ್ಷ. ಒಟ್ಟು 4.2 ಲಕ್ಷ, ಅಂದರೆ ತಿಂಗಳಿಗೆ 35,000. ಇದರ ಶೇ. 40 ಕಂತಿಗೆ ಎಂದರೆ 14,000. ಲಕ್ಷಕ್ಕೆ 900ರಂತೆ ಸುಮಾರು 15.5 ಲಕ್ಷ ಸಾಲ ಹೊರಬಹುದು ಎಂದು ಕಾಣುತ್ತದೆ.

ಈಗ ಕೆಟ್ಟ ವರ್ಷ. ಕೊಳೆರೋಗ ಬಂದು 6 ಕ್ವಿಂಟಾಲ್ ಆಯಿತು, ದರ 300ಕ್ಕೆ ಇಳಿಯಿತು. ಬಂದದ್ದು 1.8 ಲಕ್ಷ. ಕೂಲಿ, ಮದ್ದು ಅಷ್ಟಾಗಿ ಇಳಿಯುವುದಿಲ್ಲ, ಖರ್ಚು 1.4 ಲಕ್ಷ. ಉಳಿದದ್ದು ಬರೇ 40,000. ಸಂಬಳ ಸೇರಿ 2.2 ಲಕ್ಷ, ತಿಂಗಳಿಗೆ ಸುಮಾರು 18,300. ಅಕ್ಕಿ, ಶಾಲೆ, ಆಸ್ಪತ್ರೆ, ನೆಂಟರ ಮನೆಯ ಮದುವೆ ಎಂದು 12,000 ತೆಗೆಯಿರಿ. ಕಂತಿಗೆ ಉಳಿಯುವುದು 6,300. ಹೊರಬಹುದಾದ ಸಾಲ 7 ಲಕ್ಷ.

ಅದೇ ಕುಟುಂಬ, ಅದೇ ತೋಟ, ಒಂದು ಲೆಕ್ಕದಲ್ಲಿ 15.5 ಲಕ್ಷ, ಇನ್ನೊಂದರಲ್ಲಿ 7 ಲಕ್ಷ. ಕೈಯಲ್ಲಿ ಕೂಡಿಟ್ಟ 4 ಲಕ್ಷ ಇದ್ದರೆ ಇವರು ಕಟ್ಟಬೇಕಾದ್ದು 11 ಲಕ್ಷದ ಮನೆ. ಇಪ್ಪತ್ತು ವರ್ಷದಲ್ಲಿ ಕೆಟ್ಟ ವರ್ಷ ಬಂದೇ ಬರುತ್ತದೆ. 1970ರ ಸುಮಾರಿಗೆ ಅಡಿಕೆ ದರ ನೆಲಕಚ್ಚಿದ್ದರಿಂದಲೇ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಎಂಬುದನ್ನು ಮರೆಯಬಾರದು.

ನಮ್ಮ ಭಾಗಕ್ಕೆ ಇನ್ನೊಂದು ಕಷ್ಟ ಉಂಟು. ಸಂಪಾಜೆ, ಅರಂತೋಡು, ತೊಡಿಕಾನ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ತಿಂದಿದೆ. ಇದು ಒಂದು ವರ್ಷ ಬಂದು ಹೋಗುವ ಕೊಳೆರೋಗದ ಹಾಗಲ್ಲ. ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ರೋಗ ಕಂಡ ತೋಟವನ್ನು ನಂಬಿ 20 ವರ್ಷದ ಸಾಲ ತೆಗೆಯಬಾರದು. ಆ ತೋಟದ ಆದಾಯವನ್ನು ಸೊನ್ನೆ ಎಂದೇ ಇಟ್ಟು, ಸಂಬಳ, ರಬ್ಬರ್, ಹಾಲು ಮುಂತಾದ ಬೇರೆ ದಾರಿಯಿಂದ ಕಂತು ಏಳುತ್ತದಾ ನೋಡಬೇಕು.

ಜಾಗದ ಆಯ್ಕೆಯೂ ಲೆಕ್ಕದ ಒಳಗೇ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಮೇಲಿನ ಜೋಡುಪಾಲದಲ್ಲಿ ಗುಡ್ಡ ಜರಿಯಿತು. 2022ರ ಆಗಸ್ಟ್‌ನಲ್ಲಿ ಪಯಸ್ವಿನಿಯ ನೆರೆ ಕಲ್ಲುಗುಂಡಿಯ ಮನೆ, ಅಂಗಡಿಗಳಿಗೆ ನುಗ್ಗಿತು. ಮನೆ ಕೊಚ್ಚಿ ಹೋದರೂ ಸಾಲ ಕೊಚ್ಚಿ ಹೋಗುವುದಿಲ್ಲ. ಗುಡ್ಡ ಕಡಿದು ಮಾಡಿದ ಜಾಗಕ್ಕೆ ತಡೆಗೋಡೆಯ ಖರ್ಚು, ಮನೆಗೆ ವಿಮೆಯ ಖರ್ಚು ಮೊದಲೇ ಎಸ್ಟಿಮೇಟಿಗೆ ಸೇರಬೇಕು.

30 ಲಕ್ಷದವರೆಗಿನ ಸಾಲದಲ್ಲಿ ಮನೆಯ ಬೆಲೆಯ ಶೇ. 90ರವರೆಗೆ ಕೊಡಲು ರಿಸರ್ವ್ ಬ್ಯಾಂಕ್ ಬಿಟ್ಟಿದೆ. ಅದು ಬ್ಯಾಂಕಿಗೆ ಹಾಕಿದ ಮಿತಿ, ನಮಗೆ ಕೊಟ್ಟ ಸಲಹೆ ಅಲ್ಲ. 2002ರ ಸರ್ಫೇಸಿ ಕಾನೂನಿನಂತೆ ಕಂತು ನಿಂತ ಸಾಲಕ್ಕೆ 60 ದಿನದ ನೋಟಿಸು ಕೊಟ್ಟು, ಕೋರ್ಟಿನಲ್ಲಿ ದಾವೆ ಹೂಡದೆಯೇ ಬ್ಯಾಂಕ್ ಅಡವಿನ ಮನೆಯನ್ನು ವಶಪಡಿಸಿಕೊಳ್ಳಬಹುದು. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಉಂಟೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೃಷಿ ಭೂಮಿಗೆ ಈ ಕಾನೂನು ತಾಗುವುದಿಲ್ಲ, ಆದರೆ ಕನ್ವರ್ಶನ್ ಆದ ಮನೆ ಜಾಗ ಕೃಷಿ ಭೂಮಿ ಅಲ್ಲ.

ನೂರು ವರ್ಷದ ಹಿಂದೆ ಸಂಘದ ನೆರೆಯವರು ಕೂತು ಹಾಕುತ್ತಿದ್ದ ಲೆಕ್ಕವನ್ನು ಈಗ ನಾವೇ ಹಾಕಬೇಕು. ಕಳೆದ ಐದು ವರ್ಷದ ಅಡಿಕೆ ಮಾರಿದ ಚೀಟಿಗಳನ್ನು ತೆಗೆಯಿರಿ. ಅದರಲ್ಲಿ ಅತಿ ಕಡಿಮೆ ಬಂದ ವರ್ಷವನ್ನು ಹಿಡಿಯಿರಿ. ಖರ್ಚು ಕಳೆದು, ಮನೆವಾರ್ತೆ ಕಳೆದು ಉಳಿದದ್ದನ್ನು ಹನ್ನೆರಡರಿಂದ ಭಾಗಿಸಿ, ಆಮೇಲೆ ಒಂಬೈನೂರರಿಂದ ಭಾಗಿಸಿ. ಬಂದಷ್ಟು ಲಕ್ಷವೇ ನಿಮ್ಮ ಸಾಲ. ಕೊಯ್ಲಿನ ನಂತರ ವರ್ಷಕ್ಕೊಂದೋ ಎರಡೋ ಕಂತು ಕಟ್ಟುವ ಅನುಕೂಲ ಉಂಟಾ ಎಂದೂ ಬ್ಯಾಂಕಿನಲ್ಲಿ ಕೇಳಿ. ಒಳ್ಳೆಯ ವರ್ಷದಲ್ಲಿ ಮಿಕ್ಕಿದ್ದನ್ನು ಅಸಲಿಗೆ ಹಾಕಿ. ಇನ್ನೊಂದು ಕೋಣೆ ಬೇಕಾದರೆ ಸಾಲ ಇಳಿದ ಮೇಲೆ ಸೇರಿಸಬಹುದು.